ಕಾಟ್ಲಿ ಭವನ: ವಿದ್ಯಾರ್ಥಿನಿಲಯದ ಹೆಸರು, ಕಾಲುವೆಯ ಚರಿತ್ರೆ

ಉತ್ತರಾಖಂಡದ ರೂರ್ಕಿಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿನಿಲಯಗಳನ್ನು ‘ಭವನ’ಗಳೆಂದು ಕರೆಯುವುದು ವಾಡಿಕೆ. ಜವಾಹರ ಭವನ, ರಾಜೇಂದ್ರ ಭವನ, ಗೋವಿಂದ ಭವನ, ರವೀಂದ್ರ ಭವನ, ಆಜಾದ್ ಭವನ, ಸರೋಜಿನಿ ಭವನ, ಕಸ್ತೂರಬಾ ಭವನ ಮೊದಲಾದ ಹೆಸರುಗಳು ಸ್ವಾತಂತ್ರ್ಯ ಚಳವಳಿಯನ್ನೂ ಅದರ ಸಮಕಾಲೀನ ಸಂಸ್ಕೃತಿಯನ್ನೂ ನೆನಪಿಗೆ ತರುತ್ತವೆ. ಇದೇ ಸಾಲಿನಲ್ಲಿ ಎರಡು ಹೆಸರುಗಳು ಬೇರೆ ಬಗೆಯವು. ಒಂದು ಗಂಗಾ ಭವನ, ನದಿಯ ಹೆಸರು. ಇನ್ನೊಂದು ಕಾಟ್ಲಿ ಭವನ, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಫಿರಂಗಿ ದಳದಲ್ಲಿ ಸೇವೆ ಆರಂಭಿಸಿದ ಇಂಗ್ಲಿಷ್ ಅಧಿಕಾರಿಯೊಬ್ಬರ ಹೆಸರು. ವಸಾಹತು ಆಳ್ವಿಕೆಯನ್ನು ಕೊನೆಗಾಣಿಸಿದವರ ಹೆಸರುಗಳ ನಡುವೆ ಆ ಆಳ್ವಿಕೆಯ ಸೇವಕನೊಬ್ಬನ ಹೆಸರು ಏಕೆ ನಿಂತಿತು? ಈ ಪ್ರಶ್ನೆಯನ್ನು ಹಿಂಬಾಲಿಸಿದರೆ ಗಂಗೆಯ ಹೆಸರಿಗೂ ಕಾಟ್ಲಿಯ ಹೆಸರಿಗೂ ಇರುವ ನಂಟು ತೆರೆದುಕೊಳ್ಳುತ್ತದೆ. ಒಂದು ಹೆಸರಿನ ಹಿಂದೆ ಎಷ್ಟೆಲ್ಲ ಸಂಗತಿಗಳು ಮರೆಯಾಗಿರಬಲ್ಲವು ಎಂಬುದೂ ತಿಳಿಯುತ್ತದೆ.

ಜೈನ ತತ್ತ್ವಶಾಸ್ತ್ರದಲ್ಲಿ ‘ನಿಕ್ಷೇಪ’ ಎಂಬ ವಿಚಾರವಿದೆ. ಶಬ್ದವೊಂದನ್ನು ಯಾವ ನೆಲೆಯಲ್ಲಿ ಬಳಸಲಾಗಿದೆ ಎಂಬುದನ್ನು ಬೇರ್ಪಡಿಸಿ ನೋಡುವ ಕ್ರಮವಿದು. ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವೇ ಹೇಳುತ್ತದೆ. ಇಂದ್ರನ ಗುಣಗಳಾವುವೂ ಇಲ್ಲದ ಹುಡುಗನಿಗೆ ಇಂದ್ರನೆಂದು ಹೆಸರಿಟ್ಟರೆ ಅದು ನಾಮನಿಕ್ಷೇಪ. ಪ್ರತಿಮೆಯಲ್ಲಿ ಇಂದ್ರನನ್ನು ಆರೋಪಿಸಿದರೆ ಅದು ಸ್ಥಾಪನೆ. ಮುಂದೆ ಇಂದ್ರನಾಗಲಿರುವವನನ್ನು, ಅಥವಾ ಹಿಂದೆ ಆಗಿದ್ದವನನ್ನು, ಹಾಗೆಂದು ಕರೆದರೆ ಅದು ದ್ರವ್ಯ. ಈಗ ಆ ಪದವಿಯಲ್ಲೇ ಇರುವವನನ್ನು ಕರೆದರೆ ಅದು ಭಾವ. ಸಾರ್ವಜನಿಕ ಕಟ್ಟಡಗಳಿಗೆ ಇಡುವ ಹೆಸರುಗಳಲ್ಲಿ ಬಹುಪಾಲು ನಾಮನಿಕ್ಷೇಪದ ಆಚೆ ಹೋಗುವುದಿಲ್ಲ. ಕಟ್ಟಡಕ್ಕೂ ವ್ಯಕ್ತಿಗೂ ಗೌರವವನ್ನು ಬಿಟ್ಟು ಬೇರೆ ಸಂಬಂಧವಿರುವುದಿಲ್ಲ. ಕಾಟ್ಲಿ ಭವನದ ವಿಷಯ ಹಾಗಲ್ಲ. ಆ ವ್ಯಕ್ತಿ ತೋಡಿಸಿದ ಕಾಲುವೆ ಇಲ್ಲದಿದ್ದರೆ ರೂರ್ಕಿಯಲ್ಲಿ ಕಾಲೇಜು ಹುಟ್ಟುತ್ತಿರಲಿಲ್ಲ. ಕಾಲೇಜು ಇಲ್ಲದಿದ್ದರೆ ವಿದ್ಯಾರ್ಥಿನಿಲಯದ ಮಾತೇ ಬರುತ್ತಿರಲಿಲ್ಲ.

ಪ್ರೋಬಿ ಥಾಮಸ್ ಕಾಟ್ಲಿ 1802ರ ಜನವರಿಯಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಕಂಪನಿಯು ತನ್ನ ಸೇನಾಧಿಕಾರಿಗಳಿಗಾಗಿ ಆಡಿಸ್ಕೂಂಬ್‌ನಲ್ಲಿ ನಡೆಸುತ್ತಿದ್ದ ಶಾಲೆಯಲ್ಲಿ ಕಲಿತು, 1819ರಲ್ಲಿ ಬಂಗಾಳ ಫಿರಂಗಿ ದಳಕ್ಕೆ ಸೇರಿದರು. 1825ರ ಹೊತ್ತಿಗೆ ಅವರಿಗೆ ಬೇರೊಂದು ಕೆಲಸ ದೊರೆಯಿತು. ಯಮುನಾ ನದಿಯ ಪೂರ್ವ ದಂಡೆಯಲ್ಲಿ ಮೊಗಲರ ಕಾಲದ ಹಾಳುಬಿದ್ದ ಕಾಲುವೆಯೊಂದಿತ್ತು. ಅದನ್ನು ಮತ್ತೆ ಹರಿಯುವಂತೆ ಮಾಡುತ್ತಿದ್ದ ಕ್ಯಾಪ್ಟನ್ ರಾಬರ್ಟ್ ಸ್ಮಿತ್‌ಗೆ ಅವರು ಸಹಾಯಕರಾದರು. ಆ ಕಾಲುವೆ 1830ರಲ್ಲಿ ತೆರೆಯಿತು. ಮರುವರ್ಷದಿಂದ 1843ರವರೆಗೆ ಅದರ ಹೊಣೆ ಕಾಟ್ಲಿಯವರದೇ ಆಗಿತ್ತು. ಸಿವಿಲ್ ಎಂಜಿನಿಯರಿಂಗನ್ನು ಅವರು ಯಾವ ಕಾಲೇಜಿನಲ್ಲಿಯೂ ಓದಿರಲಿಲ್ಲ. ಹಳೆಯ ಕಾಲುವೆಯ ಹೂಳು, ಬಿರುಕು, ಇಳಿಜಾರುಗಳೇ ಅವರಿಗೆ ಪಾಠ ಹೇಳಿದವು.

ಈ ಅವಧಿಯಲ್ಲಿ ಅವರ ಆಸಕ್ತಿ ನೀರಿಗಷ್ಟೇ ಸೀಮಿತವಾಗಿರಲಿಲ್ಲ. ಸಹಾರನಪುರದ ಸಸ್ಯೋದ್ಯಾನದ ಮೇಲ್ವಿಚಾರಕರಾಗಿದ್ದ ಹ್ಯೂ ಫಾಲ್ಕನರ್ ಅವರೊಡನೆ ಶಿವಾಲಿಕ್ ಬೆಟ್ಟಗಳಲ್ಲಿ ಅಲೆದು, ಪ್ರಾಚೀನ ಪ್ರಾಣಿಗಳ ಪಳೆಯುಳಿಕೆಗಳನ್ನು ಅಪಾರವಾಗಿ ಸಂಗ್ರಹಿಸಿದರು. ಜಿರಾಫೆಯ ಬಳಗಕ್ಕೆ ಸೇರಿದ, ಕೊಂಬುಗಳುಳ್ಳ ಬೃಹತ್ ಪ್ರಾಣಿಯೊಂದಕ್ಕೆ ಇಬ್ಬರೂ ಸೇರಿ ಶಿವನ ಹೆಸರನ್ನು ಸೇರಿಸಿ ‘ಶಿವಥೀರಿಯಮ್’ ಎಂದು ಹೆಸರಿಟ್ಟರು. ಲಂಡನ್ನಿನ ಭೂವಿಜ್ಞಾನ ಸಂಘ 1837ರಲ್ಲಿ ಇಬ್ಬರಿಗೂ ವುಲ್ಲಾಸ್ಟನ್ ಪದಕವನ್ನು ನೀಡಿತು. ಬೇಹಟ್ ಎಂಬ ಊರಿನ ಬಳಿ ಕಾಲುವೆಯ ತಳದಲ್ಲಿ ನೆಲದೊಳಗೆ ಹೂತುಹೋಗಿದ್ದ ಪ್ರಾಚೀನ ನಗರವೊಂದರ ಕುರುಹುಗಳೂ ನಾಣ್ಯಗಳೂ ದೊರೆತಾಗ, ಕಾಟ್ಲಿ ಅವುಗಳ ವಿವರವನ್ನು ಬಂಗಾಳದ ಏಷ್ಯಾಟಿಕ್ ಸೊಸೈಟಿಗೆ ಕಳುಹಿಸಿದರು. ಆ ನಾಣ್ಯಗಳು ಜೇಮ್ಸ್ ಪ್ರಿನ್ಸೆಪ್ ಅವರ ಕೈಸೇರಿದವು. ಬ್ರಾಹ್ಮೀ ಲಿಪಿಯನ್ನು ಓದಿ ಭಾರತದ ಚರಿತ್ರೆಯ ಬಾಗಿಲು ತೆರೆದ ವಿದ್ವಾಂಸರು ಆ ವರ್ಷಗಳಲ್ಲಿ ಆಧರಿಸಿದ ಸಾಮಗ್ರಿಯಲ್ಲಿ ಕಾಲುವೆಯ ಕೆಲಸಗಾರರು ಹೊರತೆಗೆದ ನಾಣ್ಯಗಳೂ ಸೇರಿದ್ದವು ಎಂಬುದನ್ನು ಸಂಶೋಧಕರು ಮರೆಯಬಾರದು.

ಗಂಗಾ ಮತ್ತು ಯಮುನೆಯರ ನಡುವಿನ ನೆಲವನ್ನು ಸಂಸ್ಕೃತ ಪರಂಪರೆ ಅಂತರ್ವೇದಿ ಎಂದಿತು, ಪಾರಸಿ ಪರಂಪರೆ ದೋಆಬ್ ಎಂದಿತು. ಎರಡು ಮಹಾನದಿಗಳ ನಡುವೆ ಇದ್ದೂ ಮಳೆ ಕೈಕೊಟ್ಟಾಗ ಬಾಯಾರುವ ನೆಲ ಅದು. ನದಿಗಳು ತಗ್ಗಿನಲ್ಲಿ ಹರಿಯುತ್ತವೆ, ಹೊಲಗಳು ಎತ್ತರದಲ್ಲಿವೆ. ಗಂಗೆಯ ನೀರನ್ನು ಈ ಎತ್ತರಕ್ಕೆ ತರಬಹುದೇ ಎಂದು 1836ರಲ್ಲಿ ಕಾಟ್ಲಿ ಮೊದಲ ಬಾರಿಗೆ ಮಟ್ಟ ಅಳೆದು ನೋಡಿದರು. ಫಲಿತಾಂಶ ನಿರಾಶಾದಾಯಕವಾಗಿತ್ತು, ಯೋಜನೆ ಅಲ್ಲಿಗೆ ನಿಂತಿತು. ಅದನ್ನು ಮತ್ತೆ ಎಬ್ಬಿಸಿದ್ದು 1837–38ರ ಕ್ಷಾಮ. ವಿಕ್ರಮ ಸಂವತ್ 1894ರಲ್ಲಿ ಬಂದುದರಿಂದ ಜನ ಅದನ್ನು ‘ಚೌರಾನವೆ’, ಅಂದರೆ ತೊಂಬತ್ತನಾಲ್ಕರ ಬರ, ಎಂದೇ ಕರೆದರು. ಸುಮಾರು 80 ಲಕ್ಷ ಜನರಿದ್ದ ಸೀಮೆಯಲ್ಲಿ ಸುಮಾರು 8 ಲಕ್ಷ ಜನ ಸತ್ತರೆಂದು ಅಂದಾಜು. ಹತ್ತರಲ್ಲಿ ಒಬ್ಬರು. ಕಂಪನಿಗೆ ಕಂದಾಯದ ನಷ್ಟವೂ ದೊಡ್ಡದಾಗಿಯೇ ತಟ್ಟಿತು. ಮುಂದೆ ಕಾಲುವೆಗೆ ಹಣ ಬಿಡುಗಡೆಯಾದದ್ದು ಕರುಣೆಯಿಂದಲೋ ಕಂದಾಯದ ಲೆಕ್ಕದಿಂದಲೋ ಎಂದು ಕೇಳಿದರೆ, ಕಂಪನಿಯ ಕಡತಗಳಲ್ಲಿ ಎರಡೂ ಒಂದೇ ಹಾಳೆಯ ಮೇಲೆ ಬರೆದ ಸಂಗತಿಗಳು ಎಂದಷ್ಟೇ ಉತ್ತರಿಸಬಹುದು.

ಕ್ಷಾಮದ ನಂತರ ಕಾಟ್ಲಿ ಆರು ತಿಂಗಳ ಕಾಲ ಕಾಲ್ನಡಿಗೆಯಲ್ಲಿಯೂ ಕುದುರೆಯ ಮೇಲೂ ಈ ಸೀಮೆಯನ್ನು ಸುತ್ತಿ ಮಟ್ಟಗಳನ್ನು ಗುರುತಿಸಿ, 1840ರಲ್ಲಿ ವರದಿ ಸಲ್ಲಿಸಿದರು. 1842ರ ಏಪ್ರಿಲಿನಲ್ಲಿ ಹರಿದ್ವಾರದ ಬಳಿ ಅಗೆತ ಆರಂಭವಾಯಿತು. ಆದರೆ ಗವರ್ನರ್ ಜನರಲ್ ಎಲೆನ್‌ಬರೋ ಅವರಿಗೆ ಈ ಯೋಜನೆಯಲ್ಲಿ ವಿಶ್ವಾಸವಿರಲಿಲ್ಲ. ಹಣವೂ ಸಿಬ್ಬಂದಿಯೂ ಸಾಲದೆ ಕೆಲಸ ಕುಂಟಿತು. ಕಿರಿಯ ಸಹಾಯಕರು ಮಾಡಬೇಕಾದ ಅಳತೆಗಳನ್ನೂ ಕಾಟ್ಲಿ ತಾವೇ ಮಾಡಬೇಕಾಯಿತು. ಇನ್ನೊಂದು ವಿರೋಧ ಹರಿದ್ವಾರದ ಪುರೋಹಿತರಿಂದ ಬಂತು. ಗಂಗೆಯನ್ನು ಕಟ್ಟಿಹಾಕಬಾರದು ಎಂಬುದು ಅವರ ವಾದ. ನೀರು ತಡೆಯಿಲ್ಲದೆ ಹರಿಯಲು ಅಣೆಕಟ್ಟಿನಲ್ಲಿ ತೆರಪು ಬಿಡುವುದಾಗಿಯೂ ಸ್ನಾನಘಟ್ಟಗಳನ್ನು ದುರಸ್ತಿ ಮಾಡಿಸುವುದಾಗಿಯೂ ಕಾಟ್ಲಿ ಒಪ್ಪಿದರು. ಕೆಲಸವನ್ನು ಗಣೇಶನ ಪೂಜೆಯೊಂದಿಗೆ ಆರಂಭಿಸಲಾಯಿತು. ಈ ತೆರಪಿನ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸ ಕಟ್ಟೆಯ ಯೋಜನೆ ಬಂದಾಗ ಮದನಮೋಹನ ಮಾಲವೀಯರ ಮುಂದಾಳುತನದಲ್ಲಿ ಪ್ರತಿಭಟನೆ ನಡೆದು, ಗಂಗೆಯ ಅಬಾಧಿತ ಧಾರೆಯನ್ನು ಕಾಯುವ ಒಪ್ಪಂದ 1916ರಲ್ಲಿ ಏರ್ಪಟ್ಟಿತು.

ಎಂಜಿನಿಯರಿಂಗಿನ ದೃಷ್ಟಿಯಿಂದ ಕಾಲುವೆಯ ಕಷ್ಟವೆಲ್ಲ ಅದರ ಮೊದಲ 30 ಕಿಲೋಮೀಟರುಗಳಲ್ಲಿಯೇ ಇತ್ತು. ಶಿವಾಲಿಕ್ ಬೆಟ್ಟಗಳಿಂದ ಇಳಿಯುವ ಹಳ್ಳಗಳು ವರ್ಷದ ಬಹುಭಾಗ ಒಣಗಿದ್ದು, ಮಳೆಗಾಲದಲ್ಲಿ ಮರಳನ್ನೂ ಬಂಡೆಯನ್ನೂ ಹೊತ್ತು ಭೋರ್ಗರೆಯುತ್ತವೆ. ಹರಿದ್ವಾರದಿಂದ ದಕ್ಷಿಣಕ್ಕೆ ಹೋಗುವ ಕಾಲುವೆ ಇವೆಲ್ಲವನ್ನೂ ಅಡ್ಡಹಾಯಲೇಬೇಕು. ಕಾಟ್ಲಿ ಇದಕ್ಕೆ ಮೂರು ಬಗೆಯ ಉತ್ತರ ಕಂಡುಕೊಂಡರು. ರಾಣಿಪುರ ಮತ್ತು ಪಥರಿ ಹಳ್ಳಗಳನ್ನು ಕಾಲುವೆಯ ಮೇಲಿನಿಂದ ದಾಟಿಸಿದರು, ಕಾಲುವೆ ಅವುಗಳ ಕೆಳಗೆ ಹರಿಯಿತು. ಧನೌರಿಯ ಬಳಿ ರತ್ಮಾವ್ ಹಳ್ಳವನ್ನು ಕಾಲುವೆಯ ಮಟ್ಟದಲ್ಲಿಯೇ ಬರಮಾಡಿಕೊಂಡು, ಬಾಗಿಲುಗಳನ್ನು ತೆರೆದು ಆಚೆ ದಂಡೆಯಿಂದ ಹೊರಬಿಟ್ಟರು. ರೂರ್ಕಿಯ ಬಳಿ ಸೋಲಾನಿ ನದಿಯ ಕಣಿವೆ ಅಗಲವಾಗಿಯೂ ತಗ್ಗಾಗಿಯೂ ಇದ್ದುದರಿಂದ, ಅಲ್ಲಿ ಕಾಲುವೆಯನ್ನೇ ಮೇಲಕ್ಕೆತ್ತಿ, ತಲಾ 50 ಅಡಿ ಅಗಲದ 15 ಕಮಾನುಗಳ ಮೇಲ್ಗಾಲುವೆಯ ಮೇಲೆ ನದಿಯನ್ನು ದಾಟಿಸಿದರು. ಎರಡೂ ಕಡೆ ಮೈಲುಗಟ್ಟಲೆ ಮಣ್ಣಿನ ಏರಿ ಹಾಕಬೇಕಾಯಿತು. ಆ ಮಣ್ಣನ್ನು ಸಾಗಿಸಲು 1851ರ ಕೊನೆಯಲ್ಲಿ ರೂರ್ಕಿಯಲ್ಲಿ ಹಳಿಗಳ ಮೇಲೆ ಉಗಿಬಂಡಿ ಓಡಿತು. ಮುಂಬಯಿಯಿಂದ ಠಾಣೆಗೆ ಪ್ರಯಾಣಿಕರ ರೈಲು ಹೊರಟದ್ದು 1853ರ ಏಪ್ರಿಲಿನಲ್ಲಿ. ಈ ದೇಶದಲ್ಲಿ ರೈಲು ಮೊದಲು ಹೊತ್ತ ಸರಕುಗಳಲ್ಲಿ ಕಾಲುವೆಯ ಮಣ್ಣೂ ಒಂದು.

ಆ ಭಾಗದಲ್ಲಿ ಇಂಥ ಕಟ್ಟಡಕ್ಕೆ ಬೇಕಾದಷ್ಟು ಕಲ್ಲು ದೊರೆಯುತ್ತಿರಲಿಲ್ಲ. ಇಟ್ಟಿಗೆಯನ್ನೇ ನೆಚ್ಚಬೇಕಾಯಿತು. ಮಣ್ಣು ತುಳಿದು ಇಟ್ಟಿಗೆ ಕೊಯ್ದವರು, ಗೂಡು ಸುಟ್ಟವರು, ಸುಣ್ಣಕ್ಕೆ ಸುರ್ಕಿ ಬೆರೆಸಿ ಗಾರೆ ಅರೆದವರು, ಬುಟ್ಟಿಯಲ್ಲಿ ಮಣ್ಣು ಹೊತ್ತವರು ಸಾವಿರಾರು ಜನ. ಕಾಟ್ಲಿ 1860ರಲ್ಲಿ ಪ್ರಕಟಿಸಿದ ಗಂಗಾ ಕಾಲುವೆಯ ವರದಿ ಹಲವು ಸಂಪುಟಗಳದು. ಇಟ್ಟಿಗೆಯ ಅಳತೆಯಿಂದ ಹಿಡಿದು ಕಮಾನಿನ ಲೆಕ್ಕದವರೆಗೆ ಎಲ್ಲವೂ ಅಲ್ಲಿದೆ. ಇಟ್ಟಿಗೆ ಮಾಡಿದವರು ಅಲ್ಲಿ ಕೂಲಿಯ ದರವಾಗಿ, ಕೆಲಸದ ಪ್ರಮಾಣವಾಗಿ ಬರುತ್ತಾರೆ. ನಮ್ಮ ಶಾಸನಗಳಲ್ಲಿ ದಾನಿಯ ವಂಶಾವಳಿ ಹತ್ತಾರು ಸಾಲು ಹಬ್ಬಿ, ಕೊನೆಯಲ್ಲಿ ಕೆಲವೊಮ್ಮೆಯಾದರೂ ಕಂಡರಿಸಿದ ರೂವಾರಿಯ ಹೆಸರು ಉಳಿಯುತ್ತದೆ. ಸೋಲಾನಿಯ ಕಮಾನುಗಳ ಕೆಲಸಗಾರರಿಗೆ ಅಂಥ ಸಾಲು ಸಿಗಲಿಲ್ಲ.

ಈ ಕಾಲುವೆಗೆ ಮೇಲ್ವಿಚಾರಕರು, ನಕ್ಷೆಗಾರರು, ಮಟ್ಟ ಅಳೆಯುವವರು ಬೇಕಾಗಿದ್ದರು. ಇಂಗ್ಲೆಂಡಿನಿಂದ ಅವರೆಲ್ಲರನ್ನೂ ಕರೆತರುವುದು ಸಾಧ್ಯವಿರಲಿಲ್ಲ. ವಾಯವ್ಯ ಪ್ರಾಂತಗಳ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಜೇಮ್ಸ್ ಥಾಮ್ಸನ್ 1847ರಲ್ಲಿ ರೂರ್ಕಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದರು. ರಾಬರ್ಟ್ ಮ್ಯಾಕ್ಲಗನ್ ಅದರ ಮೊದಲ ಪ್ರಾಂಶುಪಾಲರು. ಸ್ಥಳದ ಆಯ್ಕೆಗೆ ಕಾರಣ ಸ್ಪಷ್ಟವಾಗಿತ್ತು. ಕಾಲುವೆಯ ಅತ್ಯಂತ ಕಠಿಣವಾದ ಕಟ್ಟಡ ಅಲ್ಲೇ ಏಳುತ್ತಿತ್ತು, ಕಾರ್ಯಾಗಾರಗಳು ಅಲ್ಲೇ ಇದ್ದವು, ಕಾಲೇಜಿನ ಅಂಗಳದಿಂದ ಹೊರಟರೆ ಪಾಠ ಕಣ್ಣೆದುರು ನಡೆಯುತ್ತಿತ್ತು. ವಿದ್ಯಾರ್ಥಿಗಳನ್ನು ದರ್ಜೆಗಳಾಗಿ ವಿಂಗಡಿಸಲಾಗಿತ್ತು. ಮೇಲಿನ ದರ್ಜೆ ಎಂಜಿನಿಯರ್ ಹುದ್ದೆಗಳಿಗೆ, ನಡುವಿನದು ಓವರ್ಸಿಯರ್ ಆಗಲಿರುವ ಐರೋಪ್ಯ ಸೈನಿಕರಿಗೆ, ಕೆಳಗಿನದು ಮೋಜಣಿ ಮತ್ತು ನಕ್ಷೆಯ ಕೆಲಸ ಕಲಿಯುವ ದೇಶೀಯ ತರುಣರಿಗೆ. ಈ ಮೂರನೆಯ ದರ್ಜೆಗೆ ದೇಶಭಾಷೆಯಲ್ಲಿಯೇ ಪಾಠ ನಡೆಯುತ್ತಿತ್ತು. ತಂತ್ರಶಿಕ್ಷಣ ದೇಶಭಾಷೆಯಲ್ಲಿ ಸಾಧ್ಯವೇ ಎಂಬ ಚರ್ಚೆಯನ್ನು ಇಂದಿಗೂ ನಡೆಸುತ್ತಿರುವ ಭಾಷಾಧ್ಯಾಪಕರು ಈ ಸಂಗತಿಯನ್ನು ಗಮನಿಸಬೇಕು. ಅದು ಸಾಧ್ಯವಾಗಿತ್ತು. ಆದರೆ ಅದನ್ನು ಇರಿಸಿದ್ದು ಕೆಳಗಿನ ಮೆಟ್ಟಿಲಿನಲ್ಲಿ.

ಆ ಮೆಟ್ಟಿಲುಗಳ ವ್ಯವಸ್ಥೆಯನ್ನು ಮೀರಿ ಬೆಳೆದವರೂ ಇದ್ದರು. ರೂರ್ಕಿಯಲ್ಲಿ ಓದಿ ಲಾಹೋರಿನಲ್ಲಿ ಎಂಜಿನಿಯರ್ ಆಗಿದ್ದ ಕನ್ಹಯ್ಯಾ ಲಾಲ್ ಉರ್ದುವಿನಲ್ಲಿ ಆ ನಗರದ ಚರಿತ್ರೆ ‘ತಾರೀಖ್-ಎ-ಲಾಹೋರ್’ ಬರೆದರು. 1873ರಲ್ಲಿ ಇಲ್ಲಿಂದ ತೇರ್ಗಡೆಯಾದ ಗಂಗಾ ರಾಮ್ ಲಾಹೋರಿನ ಪ್ರಸಿದ್ಧ ಕಟ್ಟಡಗಳನ್ನು ಕಟ್ಟಿಸಿದರು, ಪಂಜಾಬಿನ ಬಂಜರು ನೆಲಕ್ಕೆ ನೀರೆತ್ತಿ ಬೆಳೆ ತೆಗೆದರು, ಆಸ್ಪತ್ರೆ ಸ್ಥಾಪಿಸಿದರು. ದೇಶವಿಭಜನೆಯ ಗಲಭೆಯಲ್ಲಿ ಅವರ ಪ್ರತಿಮೆಗೆ ಅವಮಾನ ಮಾಡಲು ಹೋದವನೊಬ್ಬ ಗಾಯಗೊಂಡಾಗ ಅವನನ್ನು ಒಯ್ದದ್ದು ಗಂಗಾ ರಾಮ್ ಆಸ್ಪತ್ರೆಗೇ ಎಂಬ ಕಿರುಚಿತ್ರಣ ಸಾದತ್ ಹಸನ್ ಮಂಟೋ ಅವರ ‘ಸಿಯಾಹ್ ಹಾಶಿಯೆ’ ಸಂಕಲನದಲ್ಲಿದೆ. ಎಂಜಿನಿಯರನ ಪ್ರತಿಮೆಗಿಂತ ಅವನ ಕೆಲಸ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಸಾಹಿತ್ಯ ಇಷ್ಟು ಕಹಿಯಾಗಿ ಬೇರೆಲ್ಲಿಯೂ ಹೇಳಿರಲಾರದು.

ಕಾಲುವೆ 1854ರ ಏಪ್ರಿಲ್ 8ರಂದು ತೆರೆಯಿತು. ಮುಖ್ಯ ಕಾಲುವೆಯ ಉದ್ದ 348 ಮೈಲಿ, ಕವಲುಗಳದು 306 ಮೈಲಿ, ಹಂಚುಗಾಲುವೆಗಳದು 3,000 ಮೈಲಿಗಳಿಗೂ ಹೆಚ್ಚು. ಮರುವರ್ಷ ನೀರಾವರಿ ಆರಂಭವಾಗಿ ಸುಮಾರು 5,000 ಹಳ್ಳಿಗಳ 7,67,000 ಎಕರೆಗೆ ನೀರು ದೊರೆಯಿತು. ಥಾಮ್ಸನ್ ಅದನ್ನು ನೋಡಲು ಉಳಿದಿರಲಿಲ್ಲ. 1853ರ ಸೆಪ್ಟೆಂಬರಿನಲ್ಲಿಯೇ ಅವರು ತೀರಿಕೊಂಡಿದ್ದರು. 1854ರಲ್ಲಿ ಕಾಲೇಜಿಗೆ ಅವರ ಹೆಸರಿಡಲಾಯಿತು. ಸ್ವಾತಂತ್ರ್ಯದ ನಂತರ, 1949ರಲ್ಲಿ, ಥಾಮ್ಸನ್ ಕಾಲೇಜು ರೂರ್ಕಿ ವಿಶ್ವವಿದ್ಯಾಲಯವಾಯಿತು. 2001ರಲ್ಲಿ ಅದು ಭಾರತೀಯ ತಂತ್ರಜ್ಞಾನ ಸಂಸ್ಥೆಯಾಯಿತು. ಸಂಸ್ಥೆಯ ಹೆಸರಿನಿಂದ ಥಾಮ್ಸನ್ ಕೆಳಗಿಳಿದು, ಹಳೆಯ ಮುಖ್ಯ ಕಟ್ಟಡದ ಹೆಸರಿನಲ್ಲಿ ಉಳಿದರು. ಕಾಟ್ಲಿ ವಿದ್ಯಾರ್ಥಿಗಳು ಮಲಗಿ ಏಳುವ ನಿಲಯವೊಂದರ ಹೆಸರಾದರು. ಆಳಿದವರ ಹೆಸರುಗಳು ಊರೂರಲ್ಲಿ ಅಳಿಸಿಹೋದ ಕಾಲದಲ್ಲಿ ಇವೆರಡೂ ಉಳಿದವು. ಒಬ್ಬರ ಕಾಲೇಜು, ಇನ್ನೊಬ್ಬರ ಕಾಲುವೆ, ಎರಡೂ ದಿನವೂ ಬಳಕೆಯಲ್ಲಿದ್ದವು.

ಹೆಸರಿನ ಗೌರವವನ್ನಷ್ಟೇ ಹೇಳಿ ಮುಗಿಸಿದರೆ ಚರಿತ್ರೆ ಅರ್ಧವಾಗುತ್ತದೆ. ಕಾಟ್ಲಿಯವರ ಕಾಲುವೆಯಲ್ಲಿ ದೋಷಗಳಿದ್ದವು. ತಳದ ಇಳಿಜಾರು ಹೆಚ್ಚಾದುದರಿಂದ ನೀರಿನ ವೇಗ ಲೆಕ್ಕವನ್ನು ಮೀರಿ, ತಳವೂ ಕಟ್ಟಡಗಳ ಬುಡವೂ ಕೊರೆಯಲ್ಪಟ್ಟವು. ಗೋದಾವರಿಯ ಧವಳೇಶ್ವರದ ಅಣೆಕಟ್ಟಿನಿಂದ ಪ್ರಸಿದ್ಧರಾಗಿದ್ದ ಆರ್ಥರ್ ಕಾಟನ್ 1863–64ರ ಸುಮಾರಿಗೆ ಗಂಗಾ ಕಾಲುವೆಯನ್ನು ಕಟುವಾಗಿ ಟೀಕಿಸಿದರು. ಕಾಲುವೆಯ ತಲೆಯನ್ನು ಹರಿದ್ವಾರದಷ್ಟು ಮೇಲೆ ಇಟ್ಟುದೇ ತಪ್ಪು, ಕೆಳಗೆ ಇಟ್ಟಿದ್ದರೆ ಆ ಹಳ್ಳಗಳ ಕಾಟವೇ ಇರುತ್ತಿರಲಿಲ್ಲ ಎಂಬುದು ಅವರ ಮುಖ್ಯ ಆಕ್ಷೇಪ. ಕಾಟ್ಲಿ ಉತ್ತರ ಬರೆದರು, ಕಾಟನ್ ಪ್ರತ್ಯುತ್ತರ ಬರೆದರು. ಎಂಜಿನಿಯರಿಂಗ್ ಚರಿತ್ರೆಯಲ್ಲಿ ಇದು ಹೆಸರಾಂತ ವಾದ. ಕೊನೆಗೆ ಕಾಲುವೆಯ ಭಾಗಗಳನ್ನು ಮರುರೂಪಿಸಬೇಕಾಯಿತು. 1878ರಲ್ಲಿ ನರೋರಾದ ಬಳಿ, ಬಹಳ ಕೆಳಗೆ, ಕೆಳ ಗಂಗಾ ಕಾಲುವೆ ಹುಟ್ಟಿಕೊಂಡಿತು.

ಇದಕ್ಕಿಂತ ಗಂಭೀರವಾದುದು ಹಳ್ಳಿಗಳ ದೂರು. ಗಂಗಾ ಕಾಲುವೆ ಪೂರ್ಣಗೊಳ್ಳುವ ಮೊದಲೇ ಅದರ ಮುನ್ಸೂಚನೆ ದೊರೆತಿತ್ತು. ಪಶ್ಚಿಮ ಯಮುನಾ ಕಾಲುವೆಯ ಬಳಿಯ ಕರ್ನಾಲ್ ದಂಡುಪ್ರದೇಶದಲ್ಲಿ 1840ರ ದಶಕದ ಆರಂಭದಲ್ಲಿ ಜ್ವರ ಹಬ್ಬಿ, ಅದನ್ನು ತ್ಯಜಿಸಬೇಕಾಯಿತು. ನೀರಾವರಿಯಿಂದ ಜ್ವರ ಬರುತ್ತದೆಯೇ ಎಂದು ತಿಳಿಯಲು 1845ರಲ್ಲಿ ಬೇಕರ್, ಡೆಂಪ್‌ಸ್ಟರ್ ಮತ್ತು ಯೂಲ್ ಅವರ ಸಮಿತಿ ನೇಮಕವಾಯಿತು. ಈ ಯೂಲ್ ಎಂದರೆ ಮುಂದೆ ‘ಹಾಬ್ಸನ್-ಜಾಬ್ಸನ್’ ನಿಘಂಟಿನಿಂದ ಭಾಷಾಧ್ಯಯನದ ವಿದ್ಯಾರ್ಥಿಗಳಿಗೆ ಪರಿಚಿತರಾದ ಹೆನ್ರಿ ಯೂಲ್ ಅವರೇ. ಸಮಿತಿ ಹಳ್ಳಿಗಳಿಗೆ ಹೋಗಿ ಜನರ ಗುಲ್ಮದ ಊತವನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿ, ಅದರ ಆಧಾರದ ಮೇಲೆ ಜ್ವರದ ಪ್ರಮಾಣವನ್ನು ಅಂದಾಜು ಮಾಡಿತು. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ತೋರಿಸಿಕೊಟ್ಟದ್ದು 1897ರಲ್ಲಿ. ಅದಕ್ಕೆ ಅರ್ಧ ಶತಮಾನ ಮೊದಲೇ, ನೀರು ಬಸಿದುಹೋಗದ ನೆಲದಲ್ಲಿ ಜ್ವರ ಹೆಚ್ಚು ಎಂಬ ಸತ್ಯ ಈ ಎಂಜಿನಿಯರ್ ಮತ್ತು ವೈದ್ಯರಿಗೆ ಕಂಡಿತ್ತು. ಕಾಲುವೆಯ ಏರಿಗಳು ಮಳೆನೀರಿನ ಸಹಜ ಹಾದಿಗಳನ್ನು ಕಟ್ಟಿಹಾಕಬಾರದು ಎಂಬ ಎಚ್ಚರವೂ ಅಲ್ಲಿಂದಲೇ ಬಂತು. ಆಚರಣೆಯಲ್ಲಿ ಆ ಎಚ್ಚರ ಎಲ್ಲ ಕಡೆ ಉಳಿಯಲಿಲ್ಲ. ನೀರು ನಿಂತ ಕಡೆ ಜ್ವರ ಬಂತು. ನೆಲದೊಳಗಿನ ನೀರು ಮೇಲೇರಿದ ಕಡೆ ‘ರೇಹ್’ ಎಂಬ ಬಿಳಿಯ ಚೌಳು ಹೊಲಗಳ ಮೇಲೆ ಹಬ್ಬಿತು.

ಇತಿಹಾಸಕಾರರಲ್ಲಿ ಈ ಕುರಿತು ಒಮ್ಮತವಿಲ್ಲ. ಎಲಿಜಬೆತ್ ವಿಟ್‌ಕೂಂಬ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲುವೆಗಳಿಂದಾದ ಹಾನಿಗೆ ಹೆಚ್ಚು ಒತ್ತು ಕೊಟ್ಟರು. ಇಯಾನ್ ಸ್ಟೋನ್ 1984ರ ತಮ್ಮ ಗ್ರಂಥದಲ್ಲಿ ರೈತರು ಕಾಲುವೆಯನ್ನು ಜಾಣತನದಿಂದ ಬಳಸಿಕೊಂಡು ಲಾಭ ಪಡೆದ ಬಗೆಯನ್ನು ತೋರಿಸಿದರು. ಗೋಧಿ ಮತ್ತು ಕಬ್ಬಿನ ಬೆಳೆ ಹಬ್ಬಿದ್ದು ನಿಜ. ಆದಿತೀರ್ಥಂಕರರಿಗೆ ಶ್ರೇಯಾಂಸನು ಕಬ್ಬಿನ ಹಾಲಿನ ಆಹಾರದಾನ ಮಾಡಿದನೆಂದು ಪುರಾಣಗಳು ಹೇಳುವ ಹಸ್ತಿನಾಪುರ ಇದೇ ಅಂತರ್ವೇದಿಯಲ್ಲಿದೆ. ಆ ಸೀಮೆ ಇಂದು ಕಬ್ಬಿನ ಸೀಮೆಯಾಗಿ ಹೆಸರಾಗಿರುವುದರಲ್ಲಿ ಕಾಲುವೆಯ ಪಾಲು ದೊಡ್ಡದು. ಚೌಳು ಹಿಡಿದ ಹೊಲದ ಒಡೆಯನಿಗೆ ಪಕ್ಕದ ಹಳ್ಳಿಯ ಕಬ್ಬು ಸಮಾಧಾನ ಕೊಡಲಿಲ್ಲ ಎಂಬುದೂ ಅಷ್ಟೇ ನಿಜ.

ಗಂಗೆಯನ್ನು ನೆಲಕ್ಕೆ ತಂದವನೆಂದರೆ ನಮ್ಮ ಮನಸ್ಸಿಗೆ ಬರುವವನು ಭಗೀರಥ. ದೊಡ್ಡ ಕಾಲುವೆ ತೋಡಿಸಿದ ಎಂಜಿನಿಯರನನ್ನು ಆಧುನಿಕ ಭಗೀರಥನೆಂದು ಕರೆಯುವುದು ಕನ್ನಡದಲ್ಲಿಯೂ ರೂಢಿ. ಈ ಹೋಲಿಕೆಯಲ್ಲಿ ನಮ್ಮ ಕಣ್ಣಮುಂದಿರುವುದು ವೈದಿಕ ಪರಂಪರೆಯ ಕಥೆ. ಜೈನ ಪುರಾಣಗಳ ಸಗರ ಮತ್ತು ಭಗೀರಥರ ಕಥೆ ಬೇರೆ. ಕನ್ನಡದ ವಿದ್ಯಾರ್ಥಿಗಳು ಸಗರ ಚಕ್ರವರ್ತಿಯನ್ನು ರನ್ನನ ಅಜಿತಪುರಾಣದಲ್ಲಿ ಕಂಡಿರುತ್ತಾರೆ. ಗುಣಭದ್ರರ ಉತ್ತರಪುರಾಣದಲ್ಲಿ ಭಗೀರಥ ಗಂಗೆಯ ತೀರದಲ್ಲಿ ತಪಸ್ಸು ಮಾಡಿದ ಮುನಿ. ನೀರಾವರಿಯ ಚರಿತ್ರೆಗೆ ತೀರ ಹತ್ತಿರವಾದುದು ಹೇಮಚಂದ್ರಾಚಾರ್ಯರ ತ್ರಿಷಷ್ಟಿಶಲಾಕಾಪುರುಷಚರಿತದಲ್ಲಿರುವ ರೂಪ.

ಅಲ್ಲಿ ಸಗರನ ಮಕ್ಕಳು ಅಷ್ಟಾಪದ ಪರ್ವತದ ರತ್ನಮಯ ಜಿನಾಲಯಗಳನ್ನು ಕಾಪಾಡಲೆಂದು ದಂಡರತ್ನದಿಂದ ಸುತ್ತಲೂ ಕಂದಕ ತೋಡುತ್ತಾರೆ. ಉದ್ದೇಶ ಒಳ್ಳೆಯದೇ. ತೋಡಿದ ಆಳಕ್ಕೆ ನಾಗಲೋಕ ಕಂಪಿಸುತ್ತದೆ. ನಾಗರಾಜ ಜ್ವಲನಪ್ರಭ ಮೊದಲ ಸಲ ಎಚ್ಚರಿಸಿ ಕ್ಷಮಿಸುತ್ತಾನೆ. ಬರಿದಾದ ಕಂದಕಕ್ಕೆ ನೀರು ಬೇಕೆಂದು ಜಹ್ನುಕುಮಾರ ಗಂಗೆಯನ್ನು ಅದರೊಳಕ್ಕೆ ತಿರುಗಿಸಿದಾಗ ನಾಗರ ಮನೆಗಳು ಕೆಸರಿನಲ್ಲಿ ಮುಳುಗುತ್ತವೆ. ನಾಗರಾಜನ ಕೋಪಕ್ಕೆ ಅವರೆಲ್ಲರೂ ಭಸ್ಮವಾಗುತ್ತಾರೆ. ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕಂದಕ ತುಂಬಿ ಹೊರಚೆಲ್ಲಿದ ಗಂಗೆ ಸುತ್ತಲಿನ ಹಳ್ಳಿಗಳನ್ನು ಮುಳುಗಿಸುತ್ತದೆ. ಹಳ್ಳಿಗರು ಚಕ್ರವರ್ತಿಯ ಬಳಿಗೆ ಬಂದು ದೂರು ಕೊಡುತ್ತಾರೆ. ಮಕ್ಕಳ ಸಾವಿನ ದುಃಖದಲ್ಲಿರುವ ಸಗರ ಮೊಮ್ಮಗ ಭಗೀರಥನನ್ನು ಕಳುಹಿಸುತ್ತಾನೆ. ಭಗೀರಥ ನಾಗರಾಜನ ಅನುಮತಿ ಬೇಡಿ ಪಡೆದು, ಅದೇ ದಂಡರತ್ನದಿಂದ ಹಾದಿ ಗೀಚಿ, ಹೆಚ್ಚಾದ ನೀರನ್ನು ಸಮುದ್ರಕ್ಕೆ ಸೇರಿಸುತ್ತಾನೆ. ನೀರನ್ನು ತಿರುಗಿಸಿದವನಿಂದ ಗಂಗೆಗೆ ಜಾಹ್ನವಿಯೆಂಬ ಹೆಸರು ಬಂತು, ನೀರನ್ನು ಹೊರಗೆ ಕೊಂಡೊಯ್ದವನಿಂದ ಭಾಗೀರಥಿಯೆಂಬ ಹೆಸರು.

ಈ ಕಥೆಯಲ್ಲಿ ಭಗೀರಥನ ಕೀರ್ತಿಗೆ ಕಾರಣ ನೀರನ್ನು ತಂದುದಲ್ಲ, ನಿಂತ ನೀರಿಗೆ ಹೊರದಾರಿ ಮಾಡಿಕೊಟ್ಟದ್ದು. ತೋಡುವ ಮೊದಲು ಕೆಳಗಿರುವವರನ್ನು ಕೇಳಬೇಕು, ಹಳ್ಳಿಯ ದೂರನ್ನು ರಾಜನೂ ಕೇಳಬೇಕು, ತಂದ ನೀರು ಮುಂದೆ ಹೋಗುವ ಹಾದಿಯನ್ನು ಯೋಚಿಸಬೇಕು ಎಂಬ ಮೂರೂ ಮಾತುಗಳು ಅದರಲ್ಲಿವೆ. ಹೇಮಚಂದ್ರರು ಹನ್ನೆರಡನೆಯ ಶತಮಾನದವರು. ನೀರಾವರಿ ಇಲಾಖೆಗೆ ಬುದ್ಧಿ ಹೇಳುವುದು ಅವರ ಉದ್ದೇಶವಾಗಿರಲಿಲ್ಲ. ಜೀವಿಗಳಿಲ್ಲದ ಬರಿಯ ನೆಲವೆಂಬುದಿಲ್ಲ, ತೋಡಿದಲ್ಲೆಲ್ಲ ಯಾರೋ ಇರುತ್ತಾರೆ ಎಂಬ ಅಹಿಂಸೆಯ ದೃಷ್ಟಿಯಿಂದ ಹೊರಟ ಕಥೆ ತಾನಾಗಿಯೇ ಬಸಿಗಾಲುವೆಯ ಪ್ರಶ್ನೆಯನ್ನು ಮುಟ್ಟಿದೆ. ಕಾಟ್ಲಿಯವರಲ್ಲಿ ಜಹ್ನುವೂ ಭಗೀರಥನೂ ಇಬ್ಬರೂ ಕಾಣುತ್ತಾರೆ. ಬೆಟ್ಟದ ಹಳ್ಳಗಳಿಗೆ ಮೇಲೆ, ಸಮವಾಗಿ, ಕೆಳಗೆ ಎಂದು ಮೂರು ಬಗೆಯ ದಾರಿ ಬಿಟ್ಟುಕೊಟ್ಟವರು ಅವರೇ. ಹರಿದ್ವಾರದಲ್ಲಿ ಹರಿವಿಗೆ ತೆರಪು ಬಿಡಲು ಒಪ್ಪಿದವರೂ ಅವರೇ. ತಗ್ಗಿನ ಹೊಲಗಳಲ್ಲಿ ನೀರು ನಿಂತು ಚೌಳೆದ್ದುದು ಅವರ ಕಾಲುವೆಯಿಂದಲೇ.

ಕಾಟ್ಲಿ 1854ರಲ್ಲಿ ಭಾರತವನ್ನು ಬಿಟ್ಟು ಹೋದರು. ಸರ್ ಪದವಿ ಪಡೆದರು, 1858ರಿಂದ ಹತ್ತು ವರ್ಷ ಲಂಡನ್ನಿನ ಇಂಡ್ಯಾ ಕೌನ್ಸಿಲಿನ ಸದಸ್ಯರಾಗಿದ್ದರು, 1871ರ ಜನವರಿಯಲ್ಲಿ ನಿಧನರಾದರು. ಹಿಮಾಲಯದಲ್ಲಿ ಬೆಳೆಯುವ, ಶುಂಠಿಯ ಬಳಗಕ್ಕೆ ಸೇರಿದ ಸಸ್ಯಕುಲವೊಂದಕ್ಕೆ ‘ಕಾಟ್ಲಿಯಾ’ ಎಂದು ಹೆಸರಿದೆ. ಪಳೆಯುಳಿಕೆಗೆ ಶಿವನ ಹೆಸರಿಟ್ಟವರ ಹೆಸರು ಹೀಗೆ ಗಿಡಕ್ಕೂ ಬಂತು, ವಿದ್ಯಾರ್ಥಿನಿಲಯಕ್ಕೂ ಬಂತು.

ನಿಕ್ಷೇಪದ ಮಾತಿಗೆ ಮರಳಿದರೆ, ಕಾಟ್ಲಿ ಭವನ ಎಂಬ ಫಲಕದಲ್ಲಿರುವುದು ನಾಮ. ಸೋಲಾನಿಯ ಮೇಲ್ಗಾಲುವೆಯ ಎರಡೂ ತುದಿಗಳಲ್ಲಿ ಕುಳಿತ ಕಲ್ಲಿನ ಸಿಂಹಗಳು ಸ್ಥಾಪನೆ ಎನ್ನಬಹುದಾದವು, ಕಾಲುವೆಯ ಹೆಮ್ಮೆಯನ್ನು ಅವುಗಳ ಮೇಲೆ ಆರೋಪಿಸಲಾಗಿದೆ. ನಿಲಯದಲ್ಲಿ ವಾಸಿಸಿ, ಮುಂದೆ ಎಂಜಿನಿಯರ್ ಆಗಲಿರುವ ವಿದ್ಯಾರ್ಥಿಯಲ್ಲಿ ಇರುವುದು ದ್ರವ್ಯ. ಭಾವವೆಂಬುದು ಕೆಲಸ ಮಾಡುವ ಹೊತ್ತಿನಲ್ಲಿ ಮಾತ್ರ ಸಿದ್ಧಿಸುವಂಥದು. ನೀರನ್ನು ತರುವ ಲೆಕ್ಕದ ಜೊತೆಗೆ ಅದು ಹೊರಹೋಗುವ ಲೆಕ್ಕವನ್ನೂ ಹಾಕಿ, ಕೆಳಗಿನ ಹಳ್ಳಿಯ ದೂರನ್ನು ಕೇಳಿಸಿಕೊಂಡಾಗ ಅದು ಉಂಟಾಗುತ್ತದೆ.

ವಸಾಹತು ಕಾಲದ ಹೆಸರುಗಳನ್ನು ಉಳಿಸಬೇಕೇ ಅಳಿಸಬೇಕೇ ಎಂಬ ಚರ್ಚೆ ಆಗಾಗ ಏಳುತ್ತದೆ. ಹೆಸರನ್ನು ಅಳಿಸಿದರೆ 8 ಲಕ್ಷ ಜನರನ್ನು ನುಂಗಿದ ಬರದ ನೆನಪೂ, ದೇಶಭಾಷೆಯ ತರಗತಿಯ ನೆನಪೂ, ಚೌಳಿನ ಹೊಲಗಳ ನೆನಪೂ ಅದರೊಡನೆ ಹೋಗುತ್ತವೆ. ಅರ್ಥ ತಿಳಿಯದೆ ಉಳಿಸಿದರೆ ಅದು ಇಂದ್ರನೆಂದು ಕರೆಸಿಕೊಂಡ ಹುಡುಗನ ಹೆಸರಿನಂತೆ ಉಳಿಯುತ್ತದೆ. ರೂರ್ಕಿಯ ಪಟ್ಟಿಯಲ್ಲಿ ಗಂಗಾ ಭವನವೂ ಕಾಟ್ಲಿ ಭವನವೂ ಒಟ್ಟಿಗೆ ಇವೆ. ಊರಿನ ನಡುವೆ ಹರಿಯುವ ಕಾಲುವೆಯಲ್ಲಿ ಆ ಎರಡೂ ಹೆಸರುಗಳಿಗೆ ಇಂದಿಗೂ ನೀರು ಒಂದೇ.